ಡೇರಿಗೆ ಹಾಕುವ ಮುನ್ನ ಮಗುವಿಗೊಂದು ಲೋಟ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಟ್ಟಿದ್ದ ಸದಸ್ಯರ ಕುಟುಂಬ ಸಮ್ಮೇಳನದಲ್ಲಿ ನಿವೃತ್ತ ಆರೋಗ್ಯ ಸಹಾಯಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಇಪ್ಪತ್ತೈದು ವರ್ಷ ತುಂಬಿದ ನಿಮ್ಮ ಸಂಘಕ್ಕೆ ಮೊದಲಿಗೆ ನನ್ನ ಹೃತ್ಪೂರ್ವಕ ಅಭಿನಂದನೆಗಳು. ಮಳೆ ಇರಲಿ, ಚಳಿ ಇರಲಿ, ಒಂದು ಊರಿನ ಜನ ದಿನಕ್ಕೆ ಎರಡು ಹೊತ್ತು ತಪ್ಪದೆ ಬಂದು ಒಂದೇ ಕಡೆ ಹಾಲು ಹಾಕುವುದು ಸಣ್ಣ ಮಾತಲ್ಲ. ಈ ಬಟವಾಡೆ ದುಡ್ಡಿನಿಂದ ಎಷ್ಟು ಮನೆಗಳ ದೀಪ ಉರಿದಿದೆ, ಎಷ್ಟು ಮಕ್ಕಳ ಫೀಸು ಕಟ್ಟಿದೆ ಎಂಬುದನ್ನು ನನಗಿಂತ ಮುಂಚೆ ಮಾತಾಡಿದ ಹಿರಿಯರು ವಿವರವಾಗಿ ಹೇಳಿದ್ದಾರೆ. ನನಗೆ ಕೊಟ್ಟಿರುವ ವಿಷಯ ಬೇರೆ. ನಾನು ಕ್ಯಾನಿನ ಬಗ್ಗೆ ಮಾತಾಡುವುದಿಲ್ಲ, ನಿಮ್ಮ ಮನೆಯ ಮಗುವಿನ ತಟ್ಟೆಯ ಬಗ್ಗೆ ಮಾತಾಡುತ್ತೇನೆ.

ನಿಮ್ಮಲ್ಲಿ ಯಾರನ್ನಾದರೂ "ಹಸುವಿಗೆ ಏನು ಕೊಡ್ತೀರಿ?" ಅಂತ ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಇಷ್ಟು ಹಸಿಮೇವು, ಇಷ್ಟು ಒಣಹುಲ್ಲು, ಹಾಲಿಗೆ ತಕ್ಕಂತೆ ಹಿಂಡಿ ಬೂಸಾ, ಅದರ ಮೇಲೆ ಖನಿಜ ಮಿಶ್ರಣ. ಬರೀ ಒಣಹುಲ್ಲು ಹಾಕಿದರೆ ಹಾಲು ಇಳಿಯುತ್ತದೆ ಎಂಬುದು ಚಿಕ್ಕ ಹುಡುಗನಿಗೂ ಗೊತ್ತು. ಅದೇ ಮನೆಯಲ್ಲಿ "ಮಗು ಏನು ಉಂಡಿತು?" ಅಂತ ಕೇಳಿದರೆ, "ಅನ್ನ ಸಾರು ಉಣ್ತು ಮೇಡಂ, ಟೀಗೆ ಬಿಸ್ಕತ್ ಅದ್ಕೊಂಡು ತಿಂತು" ಅಂತಾರೆ. ತಿಳಿಸಾರು ಕಲಸಿದ ಬಿಳಿ ಅನ್ನ, ಟೀ, ಬಿಸ್ಕತ್ತು! ಇದು ಮಗುವಿಗೆ ಬರೀ ಒಣಹುಲ್ಲು ಹಾಕಿದ ಲೆಕ್ಕ ಅಲ್ಲವೆ? ಹಸುವಿಗೆ ಹಾಕುವ ಲೆಕ್ಕವನ್ನು ಮಗುವಿನ ತಟ್ಟೆಗೂ ಹಾಕಿ. ನಾನು ಇಂದು ಹೇಳಬೇಕಾದದ್ದು ಇಷ್ಟೇ.

ಪರಿಸ್ಥಿತಿ ಹೇಗಿದೆ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ. ಅದಕ್ಕೂ ಹಿಂದಿನ 2015-16ರ ಸಮೀಕ್ಷೆಯಲ್ಲಿ ಇದು ಸುಮಾರು 61 ಇತ್ತು. ಅಂದರೆ ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ. ರಕ್ತಹೀನತೆ ಇರುವ ಮಗು ಮಂಕಾಗಿ ಕೂರುತ್ತದೆ, ಬೇಗ ಸುಸ್ತಾಗುತ್ತದೆ, ಪಾಠ ತಲೆಗೆ ಹತ್ತುವುದಿಲ್ಲ. ಮೇಷ್ಟ್ರು "ಹುಡುಗ ದಡ್ಡ" ಅಂತಾರೆ. ಹುಡುಗ ದಡ್ಡನಲ್ಲ, ಅವನ ಮೈಯಲ್ಲಿ ರಕ್ತ ಸಾಲದು.

ಈಗ ಹಾಲಿನ ವಿಷಯಕ್ಕೆ ಬರೋಣ. ಬಟವಾಡೆ ಹೆಚ್ಚು ಬರಲಿ ಅಂತ ಕರೆದದ್ದನ್ನೆಲ್ಲ ಡೇರಿಗೆ ಸುರಿದು, ಮನೆಗೆ ಟೀಗಾಗುವಷ್ಟು ಮಾತ್ರ ಇಟ್ಟುಕೊಳ್ಳುವ ಮನೆಗಳು ಉಂಟು. ಕಷ್ಟ ನನಗೂ ಗೊತ್ತು. ಸಾಲ ಇದೆ, ಹಿಂಡಿ ರೇಟು ಏರಿದೆ. ಆದರೂ ಒಂದು ಲೆಕ್ಕ ಹಾಕಿ ನೋಡಿ. ಕಾಲು ಲೀಟರ್ ಹಾಲು ಡೇರಿಗೆ ಹಾಕಿದರೆ ಬರುವ ದುಡ್ಡು ಒಂದೆರಡು ಪೊಟ್ಟಣ ಕುರುಕಲಿಗೇ ಮುಗಿದುಹೋಗುತ್ತದೆ. ಬಹಳ ಮನೆಗಳಲ್ಲಿ ಆ ದುಡ್ಡು ಸಾಯಂಕಾಲದೊಳಗೆ ಅಂಗಡಿಗೇ ಹೋಗುತ್ತದೆ! ಪೊಟ್ಟಣದಲ್ಲಿ ಇರುವುದು ಉಪ್ಪು, ಎಣ್ಣೆ, ಗಾಳಿ. ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನು, ಸುಮಾರು 300 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಎರಡು ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಸುಣ್ಣದ ಅಂಶ 500 ಮಿಲಿಗ್ರಾಂ. ಅರ್ಧಕ್ಕಿಂತ ಹೆಚ್ಚು ಒಂದೇ ಲೋಟದಲ್ಲಿ ಬಂತು.

ನಮ್ಮ ಸರ್ಕಾರ 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಆರಂಭಿಸಿ ಶಾಲೆ, ಅಂಗನವಾಡಿ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡತೊಡಗಿತು. ನೀವು ಹಾಕಿದ ಹಾಲೇ ಪುಡಿಯಾಗಿ ನಿಮ್ಮೂರ ಶಾಲೆಗೆ ವಾಪಸು ಬರುತ್ತಿದೆ ಅಂದರೂ ತಪ್ಪಿಲ್ಲ. ಸಂತೋಷ. ಆದರೆ ಹಸು ಕಟ್ಟಿರುವ ಮನೆಯ ಮಗು ಹಾಲಿನ ರುಚಿಯನ್ನು ಶಾಲೆಯಲ್ಲೇ ಯಾಕೆ ನೋಡಬೇಕು? ಆದ್ದರಿಂದ ಕರೆದ ತಕ್ಷಣ ಮಗುವಿನ ಪಾಲು ತೆಗೆದಿಡಿ, ಆಮೇಲೆ ಕ್ಯಾನು ಎತ್ತಿ. ಆ ಹಾಲನ್ನು ಚೆನ್ನಾಗಿ ಉಕ್ಕಿಸಿಯೇ ಕೊಡಿ. ಹಸಿಹಾಲು ಒಳ್ಳೆಯದು ಎಂಬ ಮಾತು ನಂಬಬೇಡಿ, ಕ್ಷಯ, ಬ್ರುಸೆಲ್ಲಾ ಮುಂತಾದ ರೋಗಗಳು ಹಸಿಹಾಲಿನಿಂದ ಬರಬಹುದು.

ಹಾಲಿನ ಸಂಘದಲ್ಲಿ ನಿಂತು ಇನ್ನೊಂದು ಮಾತನ್ನೂ ಹೇಳಲೇಬೇಕು, ತಪ್ಪು ತಿಳಿಯಬೇಡಿ. ಹಾಲೇ ಎಲ್ಲವೂ ಅಲ್ಲ. ಹುಟ್ಟಿದ ಮಗುವಿಗೆ 6 ತಿಂಗಳವರೆಗೆ ತಾಯಿಯ ಹಾಲು ಮಾತ್ರ, ನೀರೂ ಬೇಡ. ಕರು ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸುತ್ತೀರಲ್ಲವೆ? ಬಾಣಂತಿಯ ಮೊದಲ ಹಳದಿ ಹಾಲೂ ಹಾಗೆಯೇ. ಅದನ್ನು ಹಿಂಡಿ ಚೆಲ್ಲುವುದು ಮಹಾಪರಾಧ. 6 ತಿಂಗಳು ತುಂಬಿದ ಮೇಲೆ ಮೆತ್ತನೆಯ ಊಟ ಶುರುಮಾಡಿ, ಎರಡು ವರ್ಷದವರೆಗೆ ಎದೆಹಾಲು ಮುಂದುವರಿಸಿ. ವರ್ಷ ತುಂಬುವ ತನಕ ತಾಯಿಯ ಹಾಲಿನ ಜಾಗಕ್ಕೆ ಹಸುವಿನ ಹಾಲು ತರಬೇಡಿ. ವರ್ಷದ ಮೇಲೆ ದಿನಕ್ಕೆ ಒಂದು ಲೋಟ, ಹೆಚ್ಚೆಂದರೆ ಎರಡು ಲೋಟ. ಯಾಕೆಂದರೆ ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬರೀ ಹಾಲು ಕುಡಿದು ಹೊಟ್ಟೆ ತುಂಬಿಸಿಕೊಂಡ ಮಗು ಊಟ ಬಿಡುತ್ತದೆ, ದುಂಡಗಿದ್ದರೂ ರಕ್ತ ಇರುವುದಿಲ್ಲ.

ಹಾಗಾದರೆ ರಕ್ತ ಎಲ್ಲಿಂದ ಬರಬೇಕು? ನಿಮ್ಮ ಹೊಲ, ಹಿತ್ತಿಲಿನಿಂದ. ಮಂಡ್ಯದ ವಿ.ಸಿ. ಫಾರಂನಲ್ಲಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರ ಹೆಸರು ಕೇಳಿದ್ದೀರಿ. ಅಂಥವರು ಬೆಳೆಸಿದ ರಾಗಿಯನ್ನು ನಾವು ಮಕ್ಕಳಿಗೆ ಕೊಡಲು ನಾಚುತ್ತೇವೆ, ನೆಂಟರು ಬಂದರೆ ಅನ್ನವೇ ದೊಡ್ಡದು! ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಅದು 10ರ ಆಸುಪಾಸು. ಪುಟ್ಟ ಮಕ್ಕಳಿಗೆ ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಶೋಧಿಸಿ ಸರಿ ಮಾಡಿ. ಮೊಳಕೆ ಬಂದಾಗ ಹಿಟ್ಟಿನ ಅಂಟು ಕಡಿಮೆಯಾಗುತ್ತದೆ. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗುವಿಗೆ ನುಂಗಲೂ ಸುಲಭ. ನೀರು ಜಾಸ್ತಿ ಹಾಕಿ ತೆಳ್ಳಗೆ ಮಾಡಿದ ಗಂಜಿಯಲ್ಲಿ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೇಲೆ ಅರ್ಧ ಚಮಚ ಮನೆಯ ತುಪ್ಪ ಹಾಕಿ.

ಒಂದೂವರೆ ಎರಡು ವರ್ಷದ ಮಗು ನಿಮ್ಮ ಜೊತೆಯೇ ಉಣ್ಣಲಿ. ಮೆತ್ತನೆಯ ಮುದ್ದೆ, ಖಾರ ಹಾಕುವ ಮುಂಚೆ ತೆಗೆದಿಟ್ಟ ಬೇಳೆ, ಮಸೆದ ಸೊಪ್ಪು. ದಂಟು, ನುಗ್ಗೆ, ಹೊನಗೊನ್ನೆ, ಕೀರೆ, ಯಾವುದಾದರೂ ಒಂದು ಸೊಪ್ಪು ದಿನವೂ ಇರಲಿ. ಬಸ್ಸಾರು ಮಾಡಿದ ದಿನ ಬಸಿದ ನೀರಿನ ಸಾರು ಮಾತ್ರ ಮಗುವಿಗೆ ಹಾಕಿ, ಸೊಪ್ಪು ಕಾಳಿನ ಪಲ್ಯವನ್ನು ದೊಡ್ಡವರೇ ಉಂಡರೆ ಏನು ಬಂತು? ಪಲ್ಯವೇ ಮಗುವಿಗೆ ಬೇಕಾದದ್ದು. ಮೊಳಕೆ ಹುರುಳಿ, ಅಲಸಂದೆ, ಹೆಸರುಕಾಳು ಬೇಯಿಸಿ ಕಿವುಚಿ ಕೊಡಿ. ತಿನ್ನುವ ಮನೆಯವರು ಮೊಟ್ಟೆ ಕೊಡಿ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನು ಇದೆ. ನಾಟಿಕೋಳಿ ಮೊಟ್ಟೆಯನ್ನೆಲ್ಲ ಸಂತೆಗೆ ಕಳಿಸಬೇಡಿ. ಊಟದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ, ಅಥವಾ ಸೀಬೆಹಣ್ಣು, ನೆಲ್ಲಿಕಾಯಿ ಕೊಡಿ. ಹುಳಿ ಇದ್ದರೆ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಟೀ ಕುಡಿದರೆ ಹತ್ತುವುದಿಲ್ಲ. ಆದ್ದರಿಂದ ಮಕ್ಕಳಿಗೆ ಟೀ ಬೇಡವೇ ಬೇಡ. ಇಡೀ ಕಡಲೆಬೀಜವನ್ನು ಚಿಕ್ಕ ಮಕ್ಕಳ ಬಾಯಿಗೆ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹುರಿದು ಬೆಲ್ಲ ಹಾಕಿ ಕುಟ್ಟಿ ಕೊಡಿ.

"ನಮ್ ಮಗು ಉಣ್ಣೋದೇ ಇಲ್ಲ ಮೇಡಂ" ಎಂದು ಎಷ್ಟೋ ತಾಯಂದಿರು ಹೇಳುತ್ತಾರೆ. ಮಗುವಿನ ಹೊಟ್ಟೆ ಚಿಕ್ಕದು, ಒಂದೇ ಸಲ ಹಿಡಿಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಊಟ, ನಡುವೆ ಒಂದೆರಡು ಸಲ ಹಣ್ಣೋ ತಂಬಿಟ್ಟೋ ಕೊಡಿ. ವರ್ಷದ ಮಗು ತಾಯಿ ಉಣ್ಣುವುದರಲ್ಲಿ ಅರ್ಧ ಉಣ್ಣಬೇಕು ಎಂಬುದು ಸುಲಭದ ಲೆಕ್ಕ. ಬೇರೆ ತಟ್ಟೆಯಲ್ಲಿ ಬಡಿಸಿದರೆ ಎಷ್ಟು ಉಂಡಿತು ಎಂದು ಗೊತ್ತಾಗುತ್ತದೆ. ಊಟಕ್ಕೆ ಮುಂಚೆ ಬಿಸ್ಕತ್ತು ಕೊಟ್ಟು ಹಸಿವು ಕೆಡಿಸಬೇಡಿ. ಮೊಬೈಲು ಹಿಡಿಸಿ ಉಣಿಸಬೇಡಿ, ತಾನು ಏನು ಉಂಡೆ ಎಂಬುದೇ ಮಗುವಿಗೆ ತಿಳಿಯುವುದಿಲ್ಲ. ಬೇಡವೆಂದ ಸೊಪ್ಪನ್ನು ಬೈದು ತುರುಕದೆ ನಾಲ್ಕು ದಿನ ಬಿಟ್ಟು ಮತ್ತೆ ಬಡಿಸಿ. ಗಂಡುಮಗುವಿಗೆ ಗಟ್ಟಿ ಹಾಲು, ಹೆಣ್ಣುಮಗುವಿಗೆ ನೀರು ಹಾಲು ಎಂಬ ಭೇದ ಯಾವ ಮನೆಯಲ್ಲೂ ಬೇಡ.

ಗಂಡಸರಿಗೂ ಒಂದು ಮಾತು. ಬೆಳಿಗ್ಗೆ ಕರೆಯುವುದು, ಸಗಣಿ ಬಾಚುವುದು, ಮೇವು ಕೊಯ್ಯುವುದು ಬಹುಪಾಲು ಹೆಂಗಸರ ಕೆಲಸ. ಅಷ್ಟರಲ್ಲಿ ಮಗುವಿಗೆ ಸರಿ ಕಾಯಿಸಲು ಪುರುಸೊತ್ತೆಲ್ಲಿ? ಐದು ರೂಪಾಯಿ ಕೊಟ್ಟು ಅಂಗಡಿಗೆ ಕಳಿಸುವುದು ಅದಕ್ಕೇ. ನೀವು ಹಾಲು ಹಾಕಿ ಬಂದು ಮಗುವಿನ ಕೈ ಸೋಪು ಹಚ್ಚಿ ತೊಳೆಸಿ, ಒಂದು ಹೊತ್ತು ಕೂತು ಉಣಿಸಿ. ಮರ್ಯಾದೆ ಏನೂ ಹೋಗುವುದಿಲ್ಲ. ಮನೆಯಾಕೆ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಯನ್ನೂ ಬಿಡಿಸಿ. ಗಬ್ಬದ ಹಸುವಿಗೆ ಹೆಚ್ಚು ಹಿಂಡಿ ಇಡುವವರು ಬಸುರಿ ಸೊಸೆಗೆ ಕಡಿಮೆ ಬಡಿಸಬಹುದೆ?

ಕೊನೆಯದಾಗಿ ಒಂದು ವಿನಂತಿ. ಡೇರಿ ಪುಸ್ತಕದಲ್ಲಿ ಇವತ್ತು ಫ್ಯಾಟು ಎಷ್ಟು ಬಂತು ಎಂದು ತಪ್ಪದೆ ನೋಡುತ್ತೀರಿ. ಒಂದು ಪಾಯಿಂಟು ಇಳಿದರೂ ಕಾರ್ಯದರ್ಶಿಯವರನ್ನು ಬಿಡುವುದಿಲ್ಲ! ಹಾಗೆಯೇ ತಿಂಗಳಿಗೊಮ್ಮೆ ಅಂಗನವಾಡಿಗೆ ಹೋಗಿ ಮಗುವಿನ ತೂಕ ಹಾಕಿಸಿ, ಕಾರ್ಡಿನಲ್ಲಿ ತೂಕದ ಗೆರೆ ಏರಿದೆಯೋ ಇಳಿದಿದೆಯೋ ನೋಡಿ. ನಮ್ಮ ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಆರಂಭವಾದಾಗಿನಿಂದ ಈ ತೂಕದ ಕೆಲಸ ನಡೆದು ಬಂದಿದೆ. ಆದರೆ ಆ ಗೆರೆಯನ್ನು ತಂದೆತಾಯಿಯೇ ನೋಡದಿದ್ದರೆ ಪ್ರಯೋಜನವಿಲ್ಲ. ಗೆರೆ ಎರಡು ತಿಂಗಳು ಏರದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆ ಎರಡು ಸಲ ಹಾಕಿ, ಜಂತುಹುಳದ ಮಾತ್ರೆ ತಪ್ಪಿಸಬೇಡಿ.

ಇಪ್ಪತ್ತೈದು ವರ್ಷದ ಹಿಂದೆ ತಾಯಿಯ ಕಂಕುಳಲ್ಲಿ ಕೂತು ಈ ಸಂಘಕ್ಕೆ ಬಂದ ಮಕ್ಕಳೇ ಇಂದು ಕ್ಯಾನು ಹಿಡಿದು ಬರುತ್ತಿದ್ದಾರೆ. ಈ ಮುಂದಿನ ಸಾಲಿನ ಮಕ್ಕಳು ಸುವರ್ಣ ಮಹೋತ್ಸವದ ಹೊತ್ತಿಗೆ ಗಟ್ಟಿಮುಟ್ಟಾಗಿ ನಿಂತು ಸಂಘ ನಡೆಸಬೇಕು. ನಾಳೆ ಬೆಳಿಗ್ಗೆ ಕರೆದ ಹಾಲಿನಿಂದಲೇ ಅವರ ಲೋಟ ತುಂಬಿಸಿ.