ಅಂತರ್ಯುದ್ಧದ ಶೇಷ



ಸಾಲ, ಬೆಂಕಿ, ಹಗೆ, ಈ ಮೂರನ್ನೂ ಶೇಷವಿಲ್ಲದಂತೆ ತೀರಿಸಬೇಕೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕಿಂಚಿತ್ತು ಉಳಿದರೂ ಅವು ಮತ್ತೆ ಬೆಳೆಯುವುವೆಂಬುದು ಅವರ ಅನುಭವ. ಪರರಾಜ್ಯದ ಶತ್ರುವಿನ ವಿಷಯದಲ್ಲಿ ಈ ನೀತಿ ಹೇಗಾದರೂ ಇರಲಿ. ಒಂದೇ ನಾಡಿನ ಜನರು ಎರಡು ಪಕ್ಷವಾಗಿ ಕಾದಾಡುವ ಅಂತರ್ಯುದ್ಧದಲ್ಲಿ ಇದನ್ನು ನಡೆಸುವುದು ಹೇಗೆ? ಅಲ್ಲಿ ಸೋತವನು ತನ್ನ ದಂಡನ್ನು ಕರೆದುಕೊಂಡು ಗಡಿಯಾಚೆಗೆ ಹೊರಟುಹೋಗುವುದಿಲ್ಲ. ಗೆದ್ದವನ ನೆರೆಮನೆಯಲ್ಲಿಯೇ ಇರುತ್ತಾನೆ. ಅದೇ ಕೆರೆಯ ನೀರನ್ನು ಕುಡಿಯುತ್ತಾನೆ, ಅದೇ ದೇವರ ತೇರಿನ ಹಗ್ಗಕ್ಕೆ ಕೈಹಾಕುತ್ತಾನೆ. ಹಗೆಯ ಶೇಷವನ್ನು ತೀರಿಸುವೆನೆಂದು ಹೊರಟವನು ತನ್ನ ನಾಡಿನ ಅರ್ಧವನ್ನೇ ತೀರಿಸಬೇಕಾದೀತು. ಹಾಗಾದರೆ ಅಂತರ್ಯುದ್ಧದ ಶೇಷವನ್ನು ಕಳೆಯುವ ದಾರಿ ಯಾವುದು? ಇದೇ ನಮ್ಮ ಈ ದಿನದ ವಿಚಾರ.

ಉತ್ತರವನ್ನು ಹುಡುಕಲು ರೋಮನ್ನರ ಚರಿತ್ರೆಯವರೆಗೆ ಹೋಗಬೇಕಾಗಿಲ್ಲ. ಮೈಸೂರಿಗೆ ಸುಮಾರು 15 ಮೈಲಿ ದೂರದ ನಂಜನಗೂಡು, 20 ಮೈಲಿ ದೂರದ ತಿರುಮಕೂಡಲು ನರಸೀಪುರ, ಈ ಎರಡು ಸೀಮೆಗಳ ನೆಲದಲ್ಲಿಯೇ ಬೇಕಾದ ಸಾಮಗ್ರಿಯಿದೆ. ಕಪಿಲೆ ಕಾವೇರಿಗಳ ಸಂಗಮದಲ್ಲಿ ಮೀಯುವವರೂ ಶ್ರೀಕಂಠೇಶ್ವರನ ದೊಡ್ಡ ಜಾತ್ರೆಗೆ ಹೋಗುವವರೂ ಈ ನೆಲವನ್ನು ಪುಣ್ಯಕ್ಷೇತ್ರವೆಂದು ಬಲ್ಲರು. ಅದು ಒಮ್ಮೆ ರಣಕ್ಷೇತ್ರವೂ ಆಗಿದ್ದಿತೆಂಬುದನ್ನು ನೆನೆಯುವವರು ಕಡಮೆ.

ಮೊದಲು ನರಸೀಪುರದ ಕಡೆಗೆ ನೋಡೋಣ. ಆ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವು ಲೋಕಪ್ರಸಿದ್ಧವಾದುದು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಅದನ್ನು 1258ರ ಸುಮಾರಿನಲ್ಲಿ ಕಟ್ಟಿಸಿದನು. ಆ ಶಿಲ್ಪದ ಶಾಂತಿಯನ್ನು ಕಂಡವರಿಗೆ ಆಗ ರಾಜ್ಯವು ಒಡೆದು ಎರಡಾಗಿದ್ದಿತೆಂದು ತೋರದು. ನರಸಿಂಹನ ತಂದೆ ಸೋಮೇಶ್ವರನ ರಾಜ್ಯವು ಇಬ್ಬರು ಮಲಸೋದರರಿಗೆ ಹಂಚಿಹೋಗಿದ್ದಿತು. ದೋರಸಮುದ್ರವು ನರಸಿಂಹನಿಗೆ, ತಮಿಳು ಸೀಮೆಯ ಕಣ್ಣನೂರು ರಾಮನಾಥನಿಗೆ. ಸೋದರರು ತಮ್ಮತಮ್ಮೊಳಗೆ ಕಾದಿದರು. ಆ ಒಡಕು ಕೂಡಿದುದು ಶತಮಾನವು ಮುಗಿಯುವ ಹೊತ್ತಿಗೆ, ನರಸಿಂಹನ ಮಗನಾದ ಮೂರನೆಯ ಬಲ್ಲಾಳನ ಕಾಲದಲ್ಲಿ. ಆದರೆ ಕೂಡಿದ ರಾಜ್ಯಕ್ಕೆ ಸುಧಾರಿಸಿಕೊಳ್ಳಲು ಅವಕಾಶ ದೊರೆಯಲಿಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರದ ಮೇಲೆ ಬಂದಾಗ ಬಲ್ಲಾಳನು ರಾಜಧಾನಿಯಲ್ಲಿರಲಿಲ್ಲ. ಪಾಂಡ್ಯ ಸೋದರರ ನಡುವಣ ಅಂತರ್ಯುದ್ಧದಲ್ಲಿ ಲಾಭವನ್ನರಸಿ ದಕ್ಷಿಣಕ್ಕೆ ಹೋಗಿದ್ದನು. ಮನೆಯ ಒಡಕಿನ ಕಷ್ಟವನ್ನು ಬಲ್ಲವನೇ ನೆರೆಮನೆಯ ಒಡಕಿನಲ್ಲಿ ಲಾಭವನ್ನೆಣಿಸಿದನು. ದೂರದಿಂದ ಬಂದ ಮೂರನೆಯವನು ಇಬ್ಬರ ಮನೆಯನ್ನೂ ದೋಚಿದನು.

ಇನ್ನು ನಂಜನಗೂಡಿಗೆ ಬರೋಣ. ಅದಕ್ಕೆ ಸಮೀಪದಲ್ಲಿ ಕಳಲೆಯೆಂಬ ಊರಿದೆ. ಮೈಸೂರಿನ ಅರಸರಿಗೂ ಕಳಲೆಯ ಮನೆತನಕ್ಕೂ ಕೊಳುಕೊಡೆಯ ಸಂಬಂಧವಿದ್ದಿತು. ರಾಜ್ಯದ ದಳವಾಯಿ ಪದವಿಯು ಬಹುಕಾಲ ಆ ಮನೆತನದಲ್ಲಿದ್ದಿತು. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿರುವ ಹಳೆಯ ಕಲ್ಲುಸೇತುವೆಯು 1735ರಲ್ಲಿ, ಈ ದಳವಾಯಿಗಳ ಆಡಳಿತದಲ್ಲಿ, ಆದುದೆಂದು ಹೇಳುವರು. ಸೇತುವೆಯನ್ನು ಕಟ್ಟಿದವರ ಕಾಲದಲ್ಲಿಯೇ ಅರಮನೆಗೂ ಸೇನೆಗೂ ನಡುವಣ ಸೇತುವೆಯು ಮುರಿದುದು ವಿಧಿವಿಲಾಸ. 1734ರಲ್ಲಿ ದಳವಾಯಿ ದೇವರಾಜಯ್ಯನೂ ಸರ್ವಾಧಿಕಾರಿ ನಂಜರಾಜಯ್ಯನೂ ಏಳನೆಯ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿದರು. ಬಾಲಕರಾಗಿದ್ದ ಇಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಅಂದಿನಿಂದ ಹೆಸರು ಒಬ್ಬರದು, ಅಧಿಕಾರ ಇನ್ನೊಬ್ಬರದು. ರಾಜ್ಯದಲ್ಲಿ ಯಾರ ಮಾತು ನಡೆಯುವುದೆಂಬುದು ಧರ್ಮದಿಂದ ತೀರ್ಮಾನವಾಗದೆ ಬಲದಿಂದ ತೀರ್ಮಾನವಾಗತೊಡಗಿದಾಗ, ಕತ್ತಿಯು ಇನ್ನೂ ಒರೆಯಲ್ಲಿದ್ದರೂ ಅಂತರ್ಯುದ್ಧವು ಆರಂಭವಾಯಿತೆಂದೇ ತಿಳಿಯಬೇಕು.

ಮುಂದಿನದು ಹಣದ ಕಥೆ. ನಂಜರಾಜಯ್ಯನು 1752ರಿಂದ ಮೂರು ವರ್ಷ ತಿರುಚಿನಾಪಳ್ಳಿಯ ಆಸೆಯಿಂದ ದೊಡ್ಡ ದಂಡನ್ನು ಅಲ್ಲಿ ನಿಲ್ಲಿಸಿ, ಅಪಾರವಾದ ಹಣವನ್ನು ವೆಚ್ಚಮಾಡಿ, ಬರಿಗೈಯಲ್ಲಿ ಹಿಂದಿರುಗಿದನು. 1755ರಲ್ಲಿ ಸಲಾಬತ್ ಜಂಗನು ಫ್ರೆಂಚರ ಬೂಸಿಯೊಡನೆ ಬಂದು 56 ಲಕ್ಷ ರೂಪಾಯಿ ಕಪ್ಪಕ್ಕೆ ಒಪ್ಪಿಸಿದನು. ಅದರಲ್ಲಿ ಒಂದು ಭಾಗವನ್ನು ಸಲ್ಲಿಸಲು ದೇವಾಲಯಗಳ ಒಡವೆಗಳೂ ಹೋದುವೆಂದು ವಿಲ್ಕ್ಸ್ ಬರೆದಿದ್ದಾನೆ. ಎರಡು ವರ್ಷಗಳ ತರುವಾಯ ಮರಾಠರು ಬಂದರು. ಈ ನಡುವೆ ಪ್ರಾಪ್ತವಯಸ್ಕರಾದ ಅರಸರು ಬಿಡುಗಡೆಗೆ ಯತ್ನಿಸಲು, ನಂಜರಾಜಯ್ಯನು ಅರಮನೆಯ ಬಾಗಿಲಿಗೇ ಗುಂಡು ಹೊಡೆಸಿದನು. ಅರಸರಾದರೋ ಅವನ ಮಗಳ ಗಂಡ. ಇದನ್ನು ಸಹಿಸದೆ ದೇವರಾಜಯ್ಯನು ಸತ್ಯಮಂಗಲಕ್ಕೆ ಹೊರಟುಹೋದನು. 1758ರಲ್ಲಿ ಸಂಬಳ ಸಲ್ಲದ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತರು. ಆ ಧರಣಿಯನ್ನು ಬಿಡಿಸಿದವನು ಹೈದರಾಲಿ. ಯಾವನು ಸಂಬಳವನ್ನು ಬಟವಾಡೆ ಮಾಡಿಸಿದನೋ ಅವನೇ ಸೇನೆಗೆ ಒಡೆಯನಾದುದು ಆಶ್ಚರ್ಯವಲ್ಲ.

ಅಲ್ಲಿಂದ ಮುಂದೆ ಒಬ್ಬರನ್ನೊಬ್ಬರು ಕೆಡಹುವ ಸರಣಿಯನ್ನು ಗಮನಿಸಿರಿ. 1759ರಲ್ಲಿ ಅರಮನೆಯ ಸಮ್ಮತಿಯಿಂದ ಹೈದರನು ತನ್ನನ್ನು ಮೇಲಕ್ಕೆತ್ತಿದ ನಂಜರಾಜಯ್ಯನನ್ನು ಅಧಿಕಾರದಿಂದ ನೂಕಿದನು. 1760ರ ಆಗಸ್ಟಿನಲ್ಲಿ ಹೈದರನ ಕೈಕೆಳಗೆ ಲೆಕ್ಕಪತ್ರ ನೋಡುತ್ತಿದ್ದು ಪ್ರಧಾನನಾದ ಖಂಡೇರಾಯನು, ಅರಮನೆಯ ಸಮ್ಮತಿಯಿಂದಲೇ, ಶ್ರೀರಂಗಪಟ್ಟಣದ ಕೋಟೆಯಿಂದ ಹೈದರನ ಮೇಲೆ ಫಿರಂಗಿ ಹಾರಿಸಿದನು. ಹೈದರನು ಹೆಂಡತಿ ಮಕ್ಕಳನ್ನೂ ಬಿಟ್ಟು ನದಿಯನ್ನು ದಾಟಿ ಬೆಂಗಳೂರಿಗೆ ಓಡಿದನು. ಅಲ್ಲಿ ಮತ್ತೆ ದಂಡು ಕೂಡಿಸಿ, 1761ರಲ್ಲಿ ನಂಜನಗೂಡಿನ ಬಳಿ ಖಂಡೇರಾಯನನ್ನು ಎದುರಿಸಿದನು. ಎರಡು ಕಡೆಯವರೂ ಒಂದೇ ಮೈಸೂರಿನ ಉಪ್ಪನ್ನುಂಡವರು. ಆ ಕಾಳಗದಲ್ಲಿ ಹೈದರನು ಸೋತು ಹರದನಹಳ್ಳಿಯ ಕಡೆಗೆ ಹಿಮ್ಮೆಟ್ಟಿದನು.

ಸೋತವನು ಮಾಡಿದುದೇನು? ಇನ್ನೂರರಷ್ಟು ಕುದುರೆಗಳೊಡನೆ ರಾತ್ರೋರಾತ್ರಿ ಕೋಣನೂರಿಗೆ ಹೋಗಿ, ತಾನೇ ನೂಕಿದ್ದ ನಂಜರಾಜಯ್ಯನ ಕಾಲಿಗೆರಗಿದನು. ಮುದುಕನು ಕರಗಿದನು, ತನ್ನ ಹೆಸರನ್ನೂ ಮೊಹರನ್ನೂ ಕೊಟ್ಟನು. ಆ ಬಳಿಕ ಖಂಡೇರಾಯನ ಸರದಾರರ ಹೆಸರಿಗೆ ನಂಜರಾಜಯ್ಯನ ಮೊಹರಿನಿಂದ ಕಾಗದಗಳು ಹುಟ್ಟಿದುವು. ‘ನೀವು ಒಪ್ಪಿದಂತೆ ಖಂಡೇರಾಯನನ್ನು ಹಿಡಿದುಕೊಡಿರಿ’ ಎಂಬರ್ಥದ ಆ ಕಾಗದಗಳು ಖಂಡೇರಾಯನ ಕೈಗೇ ಬೀಳುವಂತೆ ಉಪಾಯವಾಯಿತು. ಅವನು ಓದಿದನು, ನಂಬಿದನು, ಸೇನೆಯನ್ನು ಬಿಟ್ಟು ಶ್ರೀರಂಗಪಟ್ಟಣಕ್ಕೆ ಕುದುರೆಯನ್ನೋಡಿಸಿದನು. ನಾಯಕನಿಲ್ಲದ ದಂಡು ಹೈದರನ ವಶವಾಯಿತು.

ಶ್ರೋತೃಗಳೆ, ನಾವು ಇಲ್ಲಿ ಕ್ಷಣಕಾಲ ನಿಲ್ಲಬೇಕು. ಕಾಳಗದಲ್ಲಿ ಗೆದ್ದವನು ಕಾಗದದಲ್ಲಿ ಸೋತನು. ಆ ಸುಳ್ಳು ಕಾಗದಕ್ಕೆ ಅಷ್ಟು ಬಲ ಬಂದುದೆಲ್ಲಿಂದ? ಖಂಡೇರಾಯನು ತನ್ನ ಒಡೆಯನ ಮೇಲೆ ತಿರುಗಿಬಿದ್ದವನು. ಆದುದರಿಂದ ತನ್ನ ಸರದಾರರೂ ತನ್ನ ಮೇಲೆ ತಿರುಗಿಬೀಳುವರೆಂದು ನಂಬುವುದು ಅವನಿಗೆ ಸುಲಭವಾಯಿತು. ಇಪ್ಪತ್ತೇಳು ವರ್ಷಗಳಿಂದ ಆ ರಾಜ್ಯದಲ್ಲಿ ಯಾರ ಮಾತೂ ನಿಂತಿರಲಿಲ್ಲ. ಹಾಗಿದ್ದಲ್ಲಿ ಸತ್ಯವಾದ ಕಾಗದಕ್ಕೂ ಸುಳ್ಳು ಕಾಗದಕ್ಕೂ ಭೇದವೇ ಇರದು. ಅಂತರ್ಯುದ್ಧದಿಂದಾಗುವ ಹಾನಿಗಳಲ್ಲಿ ಸತ್ತವರ ಸಂಖ್ಯೆಯೊಂದನ್ನೇ ಎಣಿಸುವುದು ವಾಡಿಕೆ. ಆದರೆ ಅದು ಮೊದಲು ಕೊಲ್ಲುವುದು ಮಾತಿನ ಮೇಲಣ ನಂಬಿಕೆಯನ್ನು. ಆ ವರ್ಷದ ನಡುವಿನಲ್ಲಿ ಅರಸರು ಹೈದರನಿಗೆ ಮಣಿದು, ಮೂರು ಲಕ್ಷ ವರಹಗಳ ಸೀಮೆಯನ್ನು ತಮಗೂ ಒಂದು ಲಕ್ಷದ ಸೀಮೆಯನ್ನು ನಂಜರಾಜಯ್ಯನಿಗೂ ಉಳಿಸಿಕೊಂಡು, ಮಿಕ್ಕ ರಾಜ್ಯವನ್ನು ಒಪ್ಪಿಸಿದರು. ಖಂಡೇರಾಯನನ್ನು ಗಿಣಿಯಂತೆ ಸಾಕುವೆನೆಂದು ಹೈದರನು ಮಾತುಕೊಟ್ಟು, ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದನೆಂದು ವಿಲ್ಕ್ಸ್ ಹೇಳುತ್ತಾನೆ. ಮಾತಿನ ಅಕ್ಷರವುಳಿದು ಅರ್ಥವಳಿಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ನಂಜರಾಜಯ್ಯನಿಗೂ ಕಡೆಗೆ ಒದಗಿದುದು ಸೆರೆಯೇ.

ಈಗ ಶೇಷದ ಲೆಕ್ಕವನ್ನು ನೋಡೋಣ. ಹೈದರನೂ ಟಿಪ್ಪುವೂ ಸಮರ್ಥರು. ರಾಜ್ಯವನ್ನು ಬಹುದೂರ ಹಬ್ಬಿಸಿದರು. ಆದರೆ ಒಳಗಿನ ಪ್ರಶ್ನೆ ತೀರಿರಲಿಲ್ಲ. ಸೋತ ಅರಮನೆಯು ಒಳಗೆ ನ್ಯಾಯ ಕಾಣದೆ ಹೊರಗೆ ನೆರವನ್ನರಸಿತು. ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ಪರವಾಗಿ ತಿರುಮಲರಾಯನು 1782ರಲ್ಲಿ ತಂಜಾವೂರಿನಲ್ಲಿ ಇಂಗ್ಲಿಷರೊಡನೆ ಕರಾರು ಮಾಡಿಕೊಂಡನು. 1799ರ ಮಾರ್ಚಿಯ ಕೊನೆಯಲ್ಲಿ ಜನರಲ್ ಹ್ಯಾರಿಸನ ಸೇನೆಯು ನರಸೀಪುರದ ಬಳಿಯ ಸೋಸಲೆಯಲ್ಲಿ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಅಂತರ್ಯುದ್ಧದಲ್ಲಿ ಹೊರಗಿನವನಿಗೆ ಹೊಳೆಯ ಹಾಯ್ಗಡವನ್ನು ತೋರಿಸುವುದು ಮನೆಯವರ ಮುನಿಸೇ. ಆ ಮೇ ತಿಂಗಳಲ್ಲಿ ಟಿಪ್ಪುವು ಮಡಿದನು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟವೇರಿದರು. ಪಟ್ಟವು ಮರಳಿತು, ಸ್ವಾತಂತ್ರ್ಯವು ಮರಳಲಿಲ್ಲ. ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಇಂಗ್ಲಿಷರಿಗೆ ತೆರಬೇಕಾಯಿತು.

ಆದರೆ ಆ ವರ್ಷದಲ್ಲಿಯೇ ಒಂದು ವಿವೇಕದ ಕಾರ್ಯವೂ ನಡೆಯಿತು. ಹೈದರನಲ್ಲಿಯೂ ಟಿಪ್ಪುವಿನಲ್ಲಿಯೂ ಮಂತ್ರಿಯಾಗಿದ್ದ ಪೂರ್ಣಯ್ಯನವರನ್ನೇ ಹೊಸ ಸರ್ಕಾರದ ದಿವಾನರನ್ನಾಗಿ ಇಟ್ಟುಕೊಂಡರು. ಸೋತ ಪಕ್ಷದ ಮಂತ್ರಿಯು ಗೆದ್ದ ಪಕ್ಷದ ಬಾಲಕ ಅರಸರ ಬೊಕ್ಕಸವನ್ನು 1811ರವರೆಗೆ ಕಾಪಾಡಿದರು. ಹಗೆಯ ಶೇಷವನ್ನು ಕೊಲ್ಲದೆ, ಕೆಲಸಕ್ಕೆ ಹಚ್ಚಿ ತೀರಿಸುವ ದಾರಿಯಿದು. ಸಾಲದ ಶೇಷವಾದರೋ ಹಾಗೆ ತೀರಲಿಲ್ಲ. ಪೊಗದಿಯ ಭಾರ, ಮುಂದಿನ ಅಮಲುದಾರರ ಸುಲಿಗೆ, ಕಂದಾಯದ ಕಾಠಿನ್ಯ, ಇವೆಲ್ಲ ಕೂಡಿ 1830ರಲ್ಲಿ ನಗರದ ದಂಗೆಯಾಯಿತು. ಮರುವರ್ಷ ಇಂಗ್ಲಿಷರು ಆಡಳಿತವನ್ನೇ ತೆಗೆದುಕೊಂಡರು. ಅದು ಒಡೆಯರ ಮನೆತನಕ್ಕೆ ಹಿಂದಿರುಗಿದುದು 1881ರಲ್ಲಿ. ಇದಕ್ಕೆಲ್ಲ ನಂಜನಗೂಡಿನ ಕಾಳಗವೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ 1734ರಿಂದ 1881ರವರೆಗಿನ ಸರಪಣಿಯಲ್ಲಿ ಆ ಕೊಂಡಿಯನ್ನು ಬಿಟ್ಟು ಲೆಕ್ಕ ಹೇಳುವುದು ಸಾಧ್ಯವಿಲ್ಲ.

ಇತರ ದೇಶಗಳ ಅನುಭವವೂ ಬೇರೆಯಲ್ಲ. ಅಮೆರಿಕದಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಮಿಕ್ಕ ಜನ ಸತ್ತರು. ಗುಲಾಮಗಿರಿಯು ಕಾನೂನಿನಲ್ಲಿ ಅಳಿಯಿತು. ಆದರೆ ಗೆದ್ದ ಉತ್ತರವು 1877ರ ಹೊತ್ತಿಗೆ ಬೇಸತ್ತು ಕೈಬಿಡಲು, ಬಿಡುಗಡೆ ಹೊಂದಿದವರ ಮತದ ಹಕ್ಕು ದಕ್ಷಿಣದಲ್ಲಿ ಹೆಸರಿಗೆ ಮಾತ್ರ ಉಳಿಯಿತು. ಅದನ್ನು ಭದ್ರಪಡಿಸಿದ ಶಾಸನ ಬಂದುದು 1965ರಲ್ಲಿ. ಸ್ಪೇನಿನಲ್ಲಿ 1936ರಿಂದ 1939ರವರೆಗೆ ಯುದ್ಧ ನಡೆದು, ಗೆದ್ದ ಫ್ರಾಂಕೋ 1975ರಲ್ಲಿ ಸಾಯುವವರೆಗೂ ಆಳಿದನು. 1977ರ ಕ್ಷಮಾಶಾಸನದಿಂದ ಎಲ್ಲವನ್ನೂ ಮರೆಯೋಣವೆಂದರು. ಗುರುತಿಲ್ಲದ ಗೋರಿಗಳಲ್ಲಿದ್ದವರ ಮಕ್ಕಳಿಗೆ ಮರೆವು ಬರಲಿಲ್ಲ, 2007ರಲ್ಲಿ ನೆನಪಿಗಾಗಿಯೇ ಇನ್ನೊಂದು ಶಾಸನ ಮಾಡಬೇಕಾಯಿತು. ಒಂದು ದೇಶವು ರಾಜಿಯ ಹೆಸರಿನಲ್ಲಿ ದುರ್ಬಲರ ನ್ಯಾಯವನ್ನು ಬಿಟ್ಟುಕೊಟ್ಟಿತು. ಇನ್ನೊಂದು ಶಾಂತಿಯ ಹೆಸರಿನಲ್ಲಿ ನೆನಪನ್ನು ಹೂಳಿತು. ಎರಡೂ ಶೇಷವಾಗಿಯೇ ಉಳಿದುವು.

ಹಾಗಾದರೆ ತಾತ್ಪರ್ಯವೇನು? ಹಗೆಯ ಶೇಷವನ್ನು ಕೊಂದು ತೀರಿಸುವುದು ಅಂತರ್ಯುದ್ಧದಲ್ಲಿ ಆಗದ ಮಾತು. ಮುಚ್ಚಿ ತೀರಿಸುವುದೂ ಆಗದು. ಅದನ್ನು ತೀರಿಸಬಲ್ಲುದು ನಡೆಸಿಕೊಟ್ಟ ಮಾತೊಂದೇ. ಸಿಪಾಯಿಗೆ ಸಲ್ಲಬೇಕಾದ ಸಂಬಳವು ಸಲ್ಲಬೇಕು, ಬೊಕ್ಕಸದ ಲೆಕ್ಕವು ತೆರೆದಿರಬೇಕು, ಸೋತವನಿಗೆ ಕೊಟ್ಟ ಅಭಯವು ಪಂಜರವಾಗಬಾರದು. ಇವು ಬಹು ಸಾಮಾನ್ಯವಾದ ಸಂಗತಿಗಳು. ಆದರೆ ನಾಡನ್ನು ಕೂಡಿಸಿ ಹಿಡಿದಿರುವುದು ಇಂಥ ಸಾಮಾನ್ಯ ಸಂಗತಿಗಳೇ.

ನಂಜನಗೂಡಿನ ದೇವಾಲಯದಲ್ಲಿ ಈ ಕಥೆಯ ಪಾತ್ರಗಳೆಲ್ಲ ಒಂದೆಡೆ ಕೂಡಿದ್ದಾರೆ. ಕಳಲೆಯ ನಂಜರಾಜಯ್ಯನು ಪರಮ ಶಿವಭಕ್ತ. ಶಿವಮಹಿಮೆಯನ್ನು ಹೇಳುವ ಕನ್ನಡ ಗ್ರಂಥಗಳು ಅವನ ಹೆಸರಿನಲ್ಲಿವೆ. ಅಲ್ಲಿಯ ಪಚ್ಚೆಯ ಲಿಂಗವು ಟಿಪ್ಪು ಸುಲ್ತಾನನ ಕಾಣಿಕೆಯೆಂದು ಪ್ರತೀತಿ. ಮುಗಿಲೆತ್ತರದ ಗೋಪುರವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಬದುಕಿರುವಾಗ ಒಂದೆಡೆ ನಿಲ್ಲಲಾರದ ಪಕ್ಷಗಳ ಕಾಣಿಕೆಗಳು ಒಂದೇ ಪ್ರಾಕಾರದಲ್ಲಿ ನಿಂತಿವೆ. ಅಲ್ಲಿ ಯಾರ ಹೆಸರನ್ನೂ ಅಳಿಸಿಲ್ಲ. ಅಳಿಸದೆಯೇ ಒಟ್ಟಿಗೆ ಬಾಳುವುದನ್ನು ಆ ಕ್ಷೇತ್ರವು ನಮ್ಮ ಕಾಲಕ್ಕೂ ಕಲಿಸಬಲ್ಲುದು.