ರಬ್ಬರ್ ಚೀಲದ ಒಳಗಿನ ಅಚ್ಚು

ಅಮೆಜಾನ್ ಕಾಡಿನ ಜನ ರಬ್ಬರ್ ಬಾಟಲಿ ಮಾಡುತ್ತಿದ್ದ ಕ್ರಮವನ್ನು 18ನೇ ಶತಮಾನದಲ್ಲಿ ಅಲ್ಲಿ ಓಡಾಡಿದ ಯುರೋಪಿಯನ್ನರು ಬರೆದಿಟ್ಟಿದ್ದಾರೆ. ಮೊದಲು ಜೇಡಿಮಣ್ಣಿನಲ್ಲಿ ಬಾಟಲಿಯ ಆಕಾರದ ಗಟ್ಟಿ ಮುದ್ದೆ. ಅದರ ಮೇಲೆ ಮರದಿಂದ ಇಳಿಸಿದ ರಬ್ಬರ್ ಹಾಲಿನ ತೆಳು ಲೇಪ. ಆ ಲೇಪವನ್ನು ಹೊಗೆಗೆ ಹಿಡಿದು ಒಣಗಿಸಿ ಮತ್ತೊಂದು ಲೇಪ, ಮತ್ತೆ ಹೊಗೆ. ಗೋಡೆ ಬೇಕಾದಷ್ಟು ದಪ್ಪವಾದ ಮೇಲೆ ಒಳಗಿನ ಮಣ್ಣನ್ನು ಒಡೆದು ಪುಡಿ ಮಾಡಿ ಕೊರಳಿನ ದಾರಿಯಲ್ಲೇ ಹೊರಗೆ ಸುರಿಯುತ್ತಿದ್ದರು. ಉಳಿಯುತ್ತಿದ್ದುದು ಎಲ್ಲಿಯೂ ಜೋಡಣೆಯಿಲ್ಲದ, ಬಿದ್ದರೂ ಒಡೆಯದ ಬಾಟಲಿ.

ಫ್ರೆಂಚ್ ವಿಜ್ಞಾನಿ ಶಾರ್ಲ್ ಮರೀ ದ ಲಾ ಕೊಂಡಮೀನ್ 1736ರಲ್ಲಿ ಕ್ವಿಟೊದಿಂದ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ರಬ್ಬರಿನ ಮಾದರಿಗಳನ್ನು ಕಳಿಸಿಕೊಟ್ಟ. ಒಮಾಗ್ವಾ ಜನರು ಮಾಡುತ್ತಿದ್ದ, ಹಿಚುಕಿದರೆ ನೀರು ಚಿಮ್ಮುವ ಬುರುಡೆಯಂಥ ಪಾತ್ರೆಗಳ ವಿಷಯವನ್ನೂ ಆತ ದಾಖಲಿಸಿದ. ರಬ್ಬರಿನ ಪಾತ್ರೆ ಮಾಡುವವರ ಮುಖ್ಯ ತೊಡಕನ್ನು ಈ ಕಾಡಿನ ಕುಶಲಿಗರು ಯಾವ ಕಾರ್ಖಾನೆಯೂ ಹುಟ್ಟುವ ಮೊದಲೇ ಬಿಡಿಸಿದ್ದರು. ಅವರ ಹೆಸರುಗಳು ಯಾವ ಪೇಟೆಂಟಿನಲ್ಲೂ ಇಲ್ಲ. ಆದರೆ ಅಚ್ಚಿನ ವಿನ್ಯಾಸಕರ ಸಾಲಿನಲ್ಲಿ ಮೊದಲ ಸ್ಥಾನ ಅವರಿಗೇ ಸಲ್ಲಬೇಕು.

ಆ ತೊಡಕು ಯಾವುದು? ಕಡುಬಿನ ಹೂರಣ ಕಡುಬಿನೊಳಗೇ ಉಳಿಯುತ್ತದೆ, ಅದು ಉಳಿಯಬೇಕಾದದ್ದೇ. ರಬ್ಬರ್ ಚೀಲ ಹಾಗಲ್ಲ. ಅದರೊಳಗೆ ಟೊಳ್ಳು ಬೇಕು. ಟೊಳ್ಳು ಬರಬೇಕಾದರೆ ಬೇಯುವಾಗ ಒಳಗೊಂದು ವಸ್ತು ಇರಲೇಬೇಕು, ಬೆಂದ ಮೇಲೆ ಅದು ಅಲ್ಲಿ ಇರಲೇಬಾರದು. ಹೊರಗಿನ ಅಚ್ಚು ಎರಡು ಹೋಳಾಗಿ ತೆರೆದುಕೊಳ್ಳುತ್ತದೆ, ಅದರಲ್ಲಿ ಕಷ್ಟವಿಲ್ಲ. ಒಳಗಿನ ಅಚ್ಚು, ಅಂದರೆ ಕಾರ್ಖಾನೆಯ ಮಾತಿನಲ್ಲಿ ಕೋರ್, ಎಲ್ಲಿಂದ ಹೊರಬರಬೇಕು ಎಂಬುದೇ ಪ್ರಶ್ನೆ. ರಬ್ಬರ್ ಪಾತ್ರೆಯ ಅಚ್ಚಿನ ಉಳಿದೆಲ್ಲ ತೀರ್ಮಾನಗಳೂ ಈ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಿಂತಿವೆ.

ಆಕಾರ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಕೊಟ್ಟ ಆಕಾರ ನಿಲ್ಲಬೇಕು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಸರಕಾರಕ್ಕೆ 150 ರಬ್ಬರ್ ಅಂಚೆ ಚೀಲಗಳನ್ನು ಮಾಡಿಕೊಡಲು ಒಪ್ಪಿದ್ದ. ಚೀಲಗಳೇನೋ ಸಿದ್ಧವಾದವು. ಬೇಸಿಗೆಯ ಸೆಕೆಗೆ ಅವು ಅಂಟಂಟಾಗಿ, ಹಿಡಿಕೆಗಳು ಕಳಚಿ ಜೋತುಬಿದ್ದವು. ಆಗಿನ ರಬ್ಬರಿನ ಗುಣವೇ ಹಾಗಿತ್ತು, ಸೆಕೆಗೆ ಕರಗುವುದು, ಚಳಿಗೆ ಸೆಟೆದು ಬಿರಿಯುವುದು. 1839ರಲ್ಲಿ ಮ್ಯಾಸಚೂಸೆಟ್ಸ್‌ನ ವೋಬರ್ನ್‌ನಲ್ಲಿ ಗಂಧಕ ಬೆರೆಸಿದ ರಬ್ಬರ್ ಬಿಸಿ ಒಲೆಗೆ ತಾಗಿದಾಗ ಕರಗದೆ ತೊಗಲಿನಂತೆ ಗಟ್ಟಿಯಾದದ್ದನ್ನು ಗುಡ್‌ಇಯರ್ ಕಂಡ. 1844ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಅದಕ್ಕೆ ಸ್ವಲ್ಪ ಮೊದಲು, 1843ರಲ್ಲಿ, ಇಂಗ್ಲೆಂಡಿನಲ್ಲಿ ಥಾಮಸ್ ಹ್ಯಾಂಕಾಕ್ ಇದೇ ಕ್ರಿಯೆಗೆ ಪೇಟೆಂಟ್ ಅರ್ಜಿ ಹಾಕಿದ್ದ. ಪಂಕ್ಚರ್ ಅಂಗಡಿಗಳ ಬೋರ್ಡಿನಲ್ಲಿ ಇಂದಿಗೂ ಕಾಣುವ ವಲ್ಕನೈಸಿಂಗ್ ಎಂದರೆ ಇದೇ. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕ ಅಡ್ಡ ಕೊಂಡಿ ಹಾಕುತ್ತದೆ. ಕೊಂಡಿ ಬೀಳುವ ಹೊತ್ತಿಗೆ ರಬ್ಬರ್ ಯಾವ ಆಕಾರದಲ್ಲಿ ಇರುತ್ತದೋ ಅದೇ ಅದರ ಶಾಶ್ವತ ಆಕಾರ. ಅದನ್ನು ಎಳೆದರೂ ಮಡಿಸಿದರೂ ಬಿಟ್ಟೊಡನೆ ಅಲ್ಲಿಗೇ ಮರಳುತ್ತದೆ. ಹೀಗಾಗಿ ರಬ್ಬರಿನ ಅಚ್ಚು ಆಕಾರ ಕೊಡುವ ಸಾಧನವೂ ಹೌದು, ಬೇಯಿಸುವ ಒಲೆಯೂ ಹೌದು.

ನೆಗಡಿ, ಸೊಂಟನೋವಿಗೆ ಮನೆಮನೆಯಲ್ಲೂ ಬಳಸುವ ಹಾಟ್ ವಾಟರ್ ಬ್ಯಾಗನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಝಾಗ್ರೆಬ್‌ನಲ್ಲಿ ನೆಲೆಸಿದ್ದ ಸ್ಲಾವೊಲ್ಯುಬ್ ಪೆಂಕಾಲ ಎಂಬ ಇಂಜಿನಿಯರ್ 1903ರಲ್ಲಿ ಇದಕ್ಕೆ ಪೇಟೆಂಟ್ ಪಡೆದನೆಂದು ಹೇಳಲಾಗುತ್ತದೆ. ಇದರ ಅಚ್ಚಿನಲ್ಲಿ ಮೂರು ಭಾಗಗಳಿರುತ್ತವೆ. ಕೆಳಗೊಂದು ಉಕ್ಕಿನ ಪ್ಲೇಟು, ಮೇಲೊಂದು ಉಕ್ಕಿನ ಪ್ಲೇಟು, ನಡುವೆ ಚೀಲದ ಒಳಗಿನ ಟೊಳ್ಳಿನಷ್ಟೇ ಅಗಲದ ಚಪ್ಪಟೆ ಕೋರ್. ಕೆಳಗಿನ ಪ್ಲೇಟಿನ ಮೇಲೆ ಹಸಿ ರಬ್ಬರಿನ ಹಾಳೆ ಹಾಸಿ, ಅದರ ಮೇಲೆ ಕೋರ್ ಇಟ್ಟು, ಮತ್ತೊಂದು ಹಾಳೆ ಹೊದಿಸಿ ಪ್ರೆಸ್ ಮುಚ್ಚುತ್ತಾರೆ. ಒತ್ತಡಕ್ಕೂ ಬಿಸಿಗೂ ರಬ್ಬರ್ ಮೆತ್ತಗಾಗಿ ಹರಿದು ಮೂಲೆಮೂಲೆಯನ್ನೂ ತುಂಬುತ್ತದೆ, ಕೋರಿನ ಅಂಚಿನಲ್ಲಿ ಎರಡೂ ಹಾಳೆಗಳು ಬೆಸೆದು ಒಂದಾಗುತ್ತವೆ, ಅನಂತರ ಗಟ್ಟಿಯಾಗುತ್ತವೆ.

ಕೋರ್ ತೆಗೆಯುವಾಗ ರಬ್ಬರಿನ ಹಿಗ್ಗುವ ಗುಣವೇ ನೆರವಿಗೆ ಬರುತ್ತದೆ. ಚೆನ್ನಾಗಿ ಬೆಂದ ನೈಸರ್ಗಿಕ ರಬ್ಬರ್ ತನ್ನ ಉದ್ದದ ಐದಾರು ಪಟ್ಟು ಹಿಗ್ಗಬಲ್ಲದು. ಆದ್ದರಿಂದ ಪ್ಲಾಸ್ಟಿಕ್ ಅಥವಾ ಲೋಹದ ಎರಕದಲ್ಲಿ ಯೋಚಿಸಲೂ ಆಗದ ಕೆಲಸ ಇಲ್ಲಿ ಸಾಧ್ಯ. ಕಿರಿದಾದ ಬಾಯಿಯನ್ನು ಹಿಗ್ಗಿಸಿ, ಬೇಕಾದರೆ ಒಳಗೆ ಗಾಳಿ ಊದಿ, ಅಗಲವಾದ ಕೋರನ್ನು ಅದರಿಂದಲೇ ಎಳೆದುಕೊಳ್ಳಬಹುದು. ಒಂದು ಎಚ್ಚರ ಬೇಕು. ತಿರುಪಿರುವ ಹಿತ್ತಾಳೆಯ ಬಾಯಿಯನ್ನು ಅಚ್ಚಿನಲ್ಲೇ ಕೂಡಿಸಿಬಿಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ, ಹಿತ್ತಾಳೆ ಹಿಗ್ಗುವುದಿಲ್ಲ. ಒಂದೋ ಹಿತ್ತಾಳೆಯನ್ನು ಆಮೇಲೆ ಕೂಡಿಸಬೇಕು, ಇಲ್ಲವೇ ಕೋರಿಗೆ ಬೇರೆ ಕಡೆ ದಾರಿ ಬಿಟ್ಟು ಕೊನೆಗೆ ಅದನ್ನು ಮುಚ್ಚಬೇಕು. ಬಿಸಿಯಾಗಿದ್ದಾಗ ರಬ್ಬರ್ ಬೇಗ ಸೀಳಿಹೋಗುತ್ತದೆ ಎಂಬುದನ್ನು ನೆನಪಿಟ್ಟು ಕೋರಿನ ಅಂಚುಗಳನ್ನೆಲ್ಲ ದುಂಡಗೆ ಮಾಡಿ, ಮೈಯನ್ನು ನಯವಾಗಿ ಪಾಲಿಶ್ ಮಾಡುತ್ತಾರೆ.

ಬಿಸಿಯ ಲೆಕ್ಕವೂ ಕೋರಿನ ಸುತ್ತಲೇ ಸುತ್ತುತ್ತದೆ. ಬೇಯುವ ಉಷ್ಣತೆ ಸಾಮಾನ್ಯವಾಗಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉಷ್ಣತೆ 10 ಡಿಗ್ರಿ ಏರಿದರೆ ಬೇಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಪ್ರೆಸ್ಸಿನ ಬಿಸಿ ಮೇಲಿನ ಮತ್ತು ಕೆಳಗಿನ ಪ್ಲೇಟುಗಳಿಗೆ ನೇರವಾಗಿ ತಾಗುತ್ತದೆ. ನಡುವಿನ ಕೋರಿಗೆ ಅದು ತಲುಪಬೇಕಾದರೆ ರಬ್ಬರನ್ನೇ ದಾಟಿ ಬರಬೇಕು, ರಬ್ಬರೋ ಬಿಸಿಯನ್ನು ಸುಲಭಕ್ಕೆ ದಾಟಲು ಬಿಡುವುದಿಲ್ಲ. ಕೋರ್ ತಣ್ಣಗಿದ್ದರೆ ಚೀಲದ ಹೊರಮೈ ಬೆಂದು ಒಳಮೈ ಅರೆಬೆಂದಂತೆ ಉಳಿಯುತ್ತದೆ. ಬಿಸಿನೀರು ತಾಗುವುದು ಆ ಒಳಮೈಗೇ. ಆದ್ದರಿಂದ ಕೋರನ್ನೂ ಬೇರೆಯಾಗಿ ಬಿಸಿ ಮಾಡುತ್ತಾರೆ, ಅಥವಾ ಒಂದು ಚೀಲ ತೆಗೆದು ಇನ್ನೊಂದಕ್ಕೆ ಹಾಳೆ ಹೊದಿಸುವ ನಡುವೆ ಅದು ಆರದಂತೆ ಬೇಗಬೇಗ ಕೆಲಸ ಮುಗಿಸುತ್ತಾರೆ.

ಹೊರಗಿನ ಅಚ್ಚಿನ ಅಳತೆ ಚೀಲದ ಅಳತೆಗಿಂತ ದೊಡ್ಡದಿರಬೇಕು. ಬಿಸಿಗೆ ರಬ್ಬರ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ, ಆರಿದಾಗ ಅಷ್ಟೇ ಹೆಚ್ಚು ಕುಗ್ಗುತ್ತದೆ. ಅಚ್ಚಿನಿಂದ ಹೊರಬಂದು ತಣ್ಣಗಾದ ರಬ್ಬರ್ ವಸ್ತು ಅಚ್ಚಿನ ಅಳತೆಗಿಂತ ಸಾಮಾನ್ಯವಾಗಿ ಶೇಕಡಾ 1.5ರಿಂದ 3ರಷ್ಟು ಚಿಕ್ಕದಾಗಿರುತ್ತದೆ. ಕುಗ್ಗುವಿಕೆ ಶೇಕಡಾ 2 ಎಂದಾದರೆ 200 ಮಿಲಿಮೀಟರ್ ಅಗಲದ ಚೀಲಕ್ಕೆ ಅಚ್ಚನ್ನು 204 ಮಿಲಿಮೀಟರ್ ಕೊರೆಯಬೇಕು. ಕುಗ್ಗುವುದು ಎಷ್ಟು ಎಂಬುದು ಮಿಶ್ರಣದ ಮೇಲೆ ಹೋಗುತ್ತದೆ. ಸುಣ್ಣಕಲ್ಲಿನ ಪುಡಿಯನ್ನೋ ಕಾರ್ಬನ್ ಕಪ್ಪನ್ನೋ ಹೆಚ್ಚು ಬೆರೆಸಿದರೆ ಕುಗ್ಗುವಿಕೆ ಕಡಿಮೆ, ಅಪ್ಪಟ ರಬ್ಬರ್ ಹೆಚ್ಚಿದ್ದರೆ ಕುಗ್ಗುವಿಕೆಯೂ ಹೆಚ್ಚು. ಹೀಗಾಗಿ ಒಂದು ಮಿಶ್ರಣಕ್ಕೆಂದು ಕೊರೆದ ಅಚ್ಚಿನಲ್ಲಿ ಇನ್ನೊಂದು ಮಿಶ್ರಣ ಬೇಯಿಸಿದರೆ ಅಳತೆ ತಪ್ಪುತ್ತದೆ. ಮಿಶ್ರಣಕ್ಕೆ ಬೇಕಾದ ರಬ್ಬರ್ ಬರುವುದು ತೋಟಗಳಿಂದ. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಿ, ರೋಲರಿಗೆ ಕೊಟ್ಟು, ಹೊಗೆಮನೆಯಲ್ಲಿ ಒಣಗಿಸಿದ ಶೀಟುಗಳು ಪೇಟೆಗೆ ದರ್ಜೆ ಪ್ರಕಾರ ಹೋಗುತ್ತವೆ. ಅಂಥ ತೋಟಗಳ ಶೀಟು ಗಂಧಕ, ಸತುವಿನ ಆಕ್ಸೈಡ್, ಪುಡಿಗಳ ಜೊತೆ ಮಿಕ್ಸಿಂಗ್ ಮಿಲ್ಲಿನಲ್ಲಿ ಅರೆದು ಕಾಂಪೌಂಡ್ ಆದ ಮೇಲೆಯೇ ಅಚ್ಚಿನವರ ಕೈಗೆ ಬರುತ್ತದೆ.

ಇನ್ನು ಗಾಳಿ ಮತ್ತು ಹೆಚ್ಚುವರಿ ರಬ್ಬರಿನ ಮಾತು. ಅಚ್ಚು ಪೂರ್ತಿ ತುಂಬಲೆಂದು ಬೇಕಾದದ್ದಕ್ಕಿಂತ ತುಸು ಹೆಚ್ಚೇ ರಬ್ಬರ್ ಹಾಕುತ್ತಾರೆ. ಆ ಹೆಚ್ಚಿನದು ಪ್ಲೇಟುಗಳು ಕೂಡುವ ಗೆರೆಯಲ್ಲಿ ತೆಳುವಾಗಿ ಹೊರಚಿಮ್ಮುತ್ತದೆ. ಇದೇ ಫ್ಲ್ಯಾಶ್. ಅದು ಹರಿದು ನಿಲ್ಲಲು ಅಚ್ಚಿನ ಸುತ್ತ ಸಣ್ಣ ಕಾಲುವೆ ಕೊರೆಯುತ್ತಾರೆ. ಗಾಳಿ ಸಿಕ್ಕಿಕೊಂಡರೆ ಅಲ್ಲಿ ಗುಳಿ ಬೀಳುತ್ತದೆ, ಗೋಡೆ ತೆಳುವಾಗುತ್ತದೆ. ಅದಕ್ಕೇ ಪ್ರೆಸ್ಸನ್ನು ಮುಚ್ಚಿದ ಕೂಡಲೇ ಒಂದೆರಡು ಸಲ ಚೂರು ತೆರೆದು ಮುಚ್ಚಿ ಗಾಳಿ ಬಿಡುತ್ತಾರೆ. ಇನ್ನೊಂದು ದೋಷ ಅಚ್ಚು ತೆರೆಯುವ ಕ್ಷಣಕ್ಕೇ ಹುಟ್ಟುತ್ತದೆ. ಬಿಸಿಗೆ ಹಿಗ್ಗಿ ಒಳಗೊಳಗೇ ಒತ್ತುತ್ತಿರುವ ರಬ್ಬರ್ ದಾರಿ ಸಿಕ್ಕೊಡನೆ ನುಗ್ಗುತ್ತದೆ, ಆಗ ಕೂಡುಗೆರೆಯ ಅಂಚು ಹರಿದು ಒಳಕ್ಕೆ ತಗ್ಗಿದಂತೆ ಕಾಣುತ್ತದೆ. ನೀರು ಹಿಡಿಯಬೇಕಾದ ಚೀಲಕ್ಕೆ ಇದು ಗಂಡಾಂತರವೇ. ಹಾಕುವ ರಬ್ಬರಿನ ತೂಕವನ್ನು ಬಿಗಿಯಾಗಿ ಹಿಡಿದು, ಉಷ್ಣತೆ ತಗ್ಗಿಸಿ ಇದನ್ನು ತಡೆಯುತ್ತಾರೆ.

ಬ್ರಿಟನ್ನಿನ ಮಾನಕದಂತೆ ಮಾಡಿದ ಚೀಲಗಳ ಮೈಮೇಲೆ ಒಂದು ಪುಟ್ಟ ಹೂವಿನ ಗುರುತು ಇರುತ್ತದೆ. ಹನ್ನೆರಡು ಎಸಳು ಹನ್ನೆರಡು ತಿಂಗಳಿಗೆ, ನಡುವಿನ ಅಂಕಿ ಇಸವಿಗೆ. ಎಸಳುಗಳಲ್ಲಿರುವ ಚುಕ್ಕೆಗಳನ್ನು ಎಣಿಸಿದರೆ ಚೀಲ ಯಾವಾಗ ತಯಾರಾಯಿತು ಎಂಬುದು ತಿಳಿಯುತ್ತದೆ. ರಬ್ಬರ್ ಮುಪ್ಪಾಗಿ ಬಿರಿದು ಸುಟ್ಟಗಾಯವಾದ ಪ್ರಕರಣಗಳು ಇರುವುದರಿಂದ, ಎರಡು ವರ್ಷಕ್ಕೊಮ್ಮೆ ಚೀಲ ಬದಲಿಸಬೇಕೆಂದು ಅಲ್ಲಿ ಸಲಹೆ ಕೊಡುತ್ತಾರೆ. ಅಚ್ಚಿನಲ್ಲಿ ಈ ಅಂಕಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೆತ್ತಬೇಕು.

ಹಿಗ್ಗುವ ರಬ್ಬರಿಗೆ ಇಷ್ಟಾಯಿತು. ಹಿಗ್ಗದ ರಬ್ಬರೂ ಇದೆ. ನೂರು ಭಾಗ ರಬ್ಬರಿಗೆ ಎರಡು ಮೂರು ಭಾಗ ಗಂಧಕ ಹಾಕಿದರೆ ಬ್ಯಾಗಿನ ರಬ್ಬರ್, 30 ಭಾಗಕ್ಕೂ ಹೆಚ್ಚು ಹಾಕಿ ಬಹಳ ಹೊತ್ತು ಬೇಯಿಸಿದರೆ ಮರದಂತೆ ಗಟ್ಟಿಯಾದ ಎಬೊನೈಟ್. ಚಾರ್ಲ್ಸ್‌ನ ತಮ್ಮ ನೆಲ್ಸನ್ ಗುಡ್‌ಇಯರ್ 1851ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಲಾರಿ, ಬಸ್ಸುಗಳ ಹಳೆಯ ಕಪ್ಪು ಬ್ಯಾಟರಿಗಳನ್ನು ಕಂಡವರಿಗೆ ಈ ವಸ್ತು ಗೊತ್ತು, ಆ ಪೆಟ್ಟಿಗೆಗಳು ಗಟ್ಟಿ ರಬ್ಬರಿನವು. 12 ವೋಲ್ಟಿನ ಬ್ಯಾಟರಿಗೆ ಆರು ಕೋಣೆ. ಆದ್ದರಿಂದ ಅಚ್ಚಿಗೆ ಆರು ಬೆರಳಿನ ಕೋರ್. ಇಲ್ಲಿ ಬಾಯಿ ಹಿಗ್ಗಿಸಿ ಎಳೆಯುವ ಮಾತೇ ಇಲ್ಲ. ಪ್ರತಿ ಬೆರಳೂ ತುದಿಯ ಕಡೆಗೆ ತುಸು ಸಣ್ಣಗಾಗುತ್ತ ಹೋಗಬೇಕು, ಇಲ್ಲದಿದ್ದರೆ ಕೋರ್ ಕಚ್ಚಿಕೊಳ್ಳುತ್ತದೆ. ಬೆರಳುಗಳ ತುದಿಯಲ್ಲಿ ಅಡ್ಡ ತೋಡುಗಳನ್ನೂ ಕೊರೆಯುತ್ತಿದ್ದರು. ಅವುಗಳಿಂದ ಕೋಣೆಯ ತಳದಲ್ಲಿ ದಿಂಡುಗಳು ಏಳುತ್ತಿದ್ದವು. ಸೀಸದ ಫಲಕಗಳು ಆ ದಿಂಡುಗಳ ಮೇಲೆ ಕೂರುತ್ತಿದ್ದವು, ಫಲಕದಿಂದ ಉದುರಿದ ಪುಡಿ ಕೆಳಗಿನ ಸಂದಿಯಲ್ಲಿ ಬಿದ್ದಿರುತ್ತಿತ್ತು. ಗಟ್ಟಿ ರಬ್ಬರ್ ಬೇಯುವಾಗ ತಾನೇ ಬಿಸಿ ಬಿಡುತ್ತದೆ. ಗೋಡೆ ದಪ್ಪವಾದಷ್ಟೂ ಒಳಗೆ ಸುಟ್ಟುಹೋಗುವ ಭಯ ಹೆಚ್ಚು. ಮುಂದೆ ಹಗುರವಾದ ಪಾಲಿಪ್ರೊಪಿಲೀನ್ ಪೆಟ್ಟಿಗೆಗಳು ಬಂದು ಈ ಕೆಲಸ ಬಹುಮಟ್ಟಿಗೆ ನಿಂತಿತು.

ಟಯರ್ ಕೂಡ ಒಂದು ಪಾತ್ರೆಯೇ, ಗಾಳಿ ತುಂಬುವ ಪಾತ್ರೆ. ಅದರ ಅಚ್ಚಿನಲ್ಲಿ ಲೋಹದ ಕೋರೇ ಇರುವುದಿಲ್ಲ. ಮೈಸೂರಿನ ಟಯರ್ ಕಾರ್ಖಾನೆಯಲ್ಲಾಗಲಿ ಬೇರೆಲ್ಲಾಗಲಿ ಹಸಿ ಟಯರನ್ನು ಪ್ರೆಸ್ಸಿಗೆ ಏರಿಸಿದ ಮೇಲೆ ಅದರೊಳಗೆ ಬ್ಯೂಟೈಲ್ ರಬ್ಬರಿನ ಬ್ಲಾಡರ್ ಎಂಬ ಚೀಲ ಉಬ್ಬುತ್ತದೆ. ಹಬೆ, ಬಿಸಿನೀರು ಅಥವಾ ನೈಟ್ರೋಜನ್ ಅನಿಲದ ಒತ್ತಡದಿಂದ ಅದು ಟಯರನ್ನು ಹೊರಗಿನ ಅಚ್ಚಿಗೆ ಒತ್ತಿ ಹಿಡಿಯುತ್ತದೆ, ಒಳಗಿನಿಂದ ಬಿಸಿಯನ್ನೂ ಕೊಡುತ್ತದೆ. ಬೇಯುವುದು ಮುಗಿದ ಮೇಲೆ ಒತ್ತಡ ಇಳಿಸಿದರೆ ಬ್ಲಾಡರ್ ಕುಸಿದು ಹೊರಬರುತ್ತದೆ. ಕೋರ್ ತೆಗೆಯುವ ಪ್ರಶ್ನೆಗೆ ಇದಕ್ಕಿಂತ ಸೊಗಸಾದ ಉತ್ತರ ಸಿಗುವುದು ಕಷ್ಟ. ಹೊಸ ಟಯರಿನ ಮೈಮೇಲೆ ಕೂದಲಿನಂತೆ ನಿಂತಿರುವ ರಬ್ಬರ್ ಎಳೆಗಳು ಗಾಳಿ ಹೋಗಲೆಂದು ಅಚ್ಚಿಗೆ ಕೊರೆದ ತೂತುಗಳ ಗುರುತು. ಗಾಳಿಯ ಹಿಂದೆಯೇ ರಬ್ಬರೂ ಆ ತೂತುಗಳಿಗೆ ನುಗ್ಗಿ ಅಲ್ಲೇ ಬೆಂದಿರುತ್ತದೆ.

ಬಲೂನು, ಕೈಗವಸುಗಳಲ್ಲಿ ಇದಕ್ಕೆ ತದ್ವಿರುದ್ಧ ಕ್ರಮ. ಅಲ್ಲಿ ಹೊರಗಿನ ಅಚ್ಚೇ ಇಲ್ಲ. ಮೈಕೆಲ್ ಫ್ಯಾರಡೆ 1824ರಲ್ಲಿ ಪ್ರಯೋಗಕ್ಕಾಗಿ ರಬ್ಬರ್ ಬಲೂನು ಮಾಡಿದಾಗ ಎರಡು ಹಾಳೆಗಳ ನಡುವೆ ಹಿಟ್ಟು ಸವರಿ, ಅಂಚುಗಳನ್ನಷ್ಟೇ ಒತ್ತಿ ಅಂಟಿಸಿದ್ದ. ಹಿಟ್ಟಿರುವ ಕಡೆ ರಬ್ಬರ್ ಅಂಟಲಿಲ್ಲ, ಅದೇ ಟೊಳ್ಳಾಯಿತು. 1931ರಲ್ಲಿ ಅಮೆರಿಕದ ನೀಲ್ ಟಿಲಟ್ಸನ್ ಬೆಕ್ಕಿನ ಮುಖದ ಆಕಾರಕ್ಕೆ ಕತ್ತರಿಸಿದ ರಟ್ಟನ್ನು ರಬ್ಬರ್ ಹಾಲಿನಲ್ಲಿ ಅದ್ದಿ ಬಲೂನು ಮಾಡಿದ. ಇಂದು ರಟ್ಟಿನ ಜಾಗದಲ್ಲಿ ಪಿಂಗಾಣಿ ಅಥವಾ ಅಲ್ಯೂಮಿನಿಯಂ ಅಚ್ಚು. ಅದನ್ನು ಮೊದಲು ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣಕ್ಕೂ ಆಮೇಲೆ ಹಾಲಿಗೂ ಅದ್ದಿದರೆ ಅಚ್ಚಿನ ಮೈಗೆ ಹಾಲು ಹೆಪ್ಪುಗಟ್ಟಿ ಅಂಟುತ್ತದೆ, ಒಲೆಯಲ್ಲಿ ಬೆಂದ ಮೇಲೆ ಸುಲಿದುಕೊಳ್ಳುತ್ತಾರೆ.

ಕೋರ್ ಇಟ್ಟು ಒತ್ತುವ ಅಚ್ಚಿನ ಪರೀಕ್ಷೆಯೂ ಒಳಗಿನಿಂದಲೇ ಶುರುವಾಗುತ್ತದೆ. ಹೊಸ ಅಚ್ಚಿನಿಂದ ಬಂದ ಮೊದಲ ಚೀಲಗಳನ್ನು ಅಡ್ಡಡ್ಡ, ಉದ್ದುದ್ದ ಕೊಯ್ದು ಗೋಡೆಯ ದಪ್ಪವನ್ನು ಹಲವು ಕಡೆ ಅಳೆಯುತ್ತಾರೆ. ಒಂದು ಮಗ್ಗುಲು ತೆಳ್ಳಗೆ, ಇನ್ನೊಂದು ದಪ್ಪ ಎಂದಾದರೆ ರಬ್ಬರ್ ಹರಿಯುವ ಒತ್ತಡಕ್ಕೆ ಕೋರ್ ಪಕ್ಕಕ್ಕೆ ಸರಿದಿದೆ ಎಂದರ್ಥ. ಆಗ ಟೂಲ್‌ರೂಮಿನ ಫಿಟ್ಟರ್ ಕೋರನ್ನು ಹಿಡಿಯುವ ಪಿನ್ನುಗಳನ್ನು ಬಿಗಿಗೊಳಿಸುತ್ತಾನೆ, ಹಾಳೆ ಇಡುವ ಜಾಗವನ್ನು ಸರಿಪಡಿಸುತ್ತಾನೆ, ಎಲ್ಲೋ ಒಂದು ಕಡೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಉಕ್ಕು ತೆಗೆಯುತ್ತಾನೆ. ಕೈಗೆಲಸದ ಈ ನಿಖರತೆಗೆ ಯಾವ ನಕ್ಷೆಯೂ ಬದಲಿಯಲ್ಲ. ಮತ್ತೆ ಬೇಯಿಸಿ, ಮತ್ತೆ ಕೊಯ್ದು, ಮತ್ತೆ ಅಳೆಯುತ್ತಾರೆ. ಗಂಧಕದ ಹೊಗೆಗೆ ಅಚ್ಚಿನ ಮೈ ಕಪ್ಪಾಗದಂತೆ, ರಬ್ಬರ್ ಅಂಟದಂತೆ ಕೊಡುವ ಗಟ್ಟಿ ಕ್ರೋಮ್ ಲೇಪನಕ್ಕೆ ಅಚ್ಚು ಹೋಗುವುದು ಈ ತಿದ್ದುಪಡಿಗಳೆಲ್ಲ ಮುಗಿದ ಮೇಲೆಯೇ, ಏಕೆಂದರೆ ಕ್ರೋಮ್ ಏರಿದ ಉಕ್ಕನ್ನು ಮತ್ತೆ ಕೊರೆಯಬೇಕಾದರೆ ಮೊದಲು ಆ ಲೇಪನವನ್ನೇ ಕಿತ್ತು ತೆಗೆಯಬೇಕಾಗುತ್ತದೆ.