ಸ್ಟೈಲ್ಸ್ ಮನೆಯ ಮರಣಶಾಸನ

ಕೊಲೆಗಾರನು ಯಾರೆಂದು ತಿಳಿದಮೇಲೆ ಪತ್ತೇದಾರಿ ಕಾದಂಬರಿಯನ್ನು ಮತ್ತೆ ಕೈಗೆತ್ತಿಕೊಳ್ಳುವವರು ವಿರಳ. ಆದರೂ 1920ರಲ್ಲಿ ಪ್ರಕಟವಾದ ಅಗಾಥಾ ಕ್ರಿಸ್ಟಿಯವರ ಮೊದಲ ಕಾದಂಬರಿ, ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಎಂಬುದನ್ನು ಈಚೆಗೆ ಶಾಮನೂರಿನಲ್ಲಿ ಕುಳಿತು ನಾವು ಎರಡನೆಯ ಸಲ ಓದಿದೆವು. ವಿದ್ಯಾರ್ಥಿದೆಶೆಯಲ್ಲಿ ಅಪರಾಧಿಯ ಬೆನ್ನುಹತ್ತಿ ಓಡಿದ್ದ ನಮ್ಮನ್ನು ಈ ಬಾರಿ ತಡೆದು ನಿಲ್ಲಿಸಿದವು ಎರಡು: ಒಂದು ಔಷಧದ ಸೀಸೆ, ಒಂದು ಮರಣಶಾಸನ.

ಎಮಿಲಿ ಎಂಬ ಸಿರಿವಂತ ವಿಧವೆಗೆ ಗತಿಸಿದ ಪತಿಯು ಸ್ಟೈಲ್ಸ್ ಮನೆಯನ್ನು ಜೀವಾವಧಿಯವರೆಗೆ ಬಿಟ್ಟುಹೋಗಿದ್ದಾನೆ. ವರಮಾನದ ಹೆಚ್ಚಿನ ಪಾಲೂ ಅವಳದೇ. ಮಲಮಕ್ಕಳಿಬ್ಬರು ಅವಳ ಕೈ ನೋಡಬೇಕು. ಇಳಿವಯಸ್ಸಿನಲ್ಲಿ ಆಕೆ ತನಗಿಂತ ಬಹಳ ಚಿಕ್ಕವನೊಬ್ಬನನ್ನು ವರಿಸುತ್ತಾಳೆ. ಕೆಲವು ತಿಂಗಳಲ್ಲಿಯೇ ಸ್ಟ್ರಿಕ್ನೀನ್ ವಿಷವೇರಿ ಸೆಟೆದು ಸಾಯುತ್ತಾಳೆ.

ಈ ವಿಷ ನಮಗೆ ಪರಕೀಯವೇನೂ ಆಗಬೇಕಾಗಿಲ್ಲ. ನಮ್ಮ ಕಾಡುಗಳ ಕಾಸರಕದ ಬೀಜದಲ್ಲಿರುವುದು ಅದೇ, ಕಹಿಯೆಂದರೆ ಕಹಿ. ಆಗಿನ ವೈದ್ಯರು ಅಲ್ಪ ಪ್ರಮಾಣದಲ್ಲಿ ಅದನ್ನು ಟಾನಿಕ್ಕಿಗೆ ಸೇರಿಸುತ್ತಿದ್ದರು. ಅಂಥ ಟಾನಿಕ್ಕಿಗೆ ನಿದ್ರೆಯ ಬ್ರೋಮೈಡ್ ಪುಡಿಯನ್ನು ಬೆರೆಸಿದರೆ ಸ್ಟ್ರಿಕ್ನೀನ್ ಹರಳುಗಟ್ಟಿ ತಳಕ್ಕಿಳಿಯುತ್ತದೆ. ಸೀಸೆಯನ್ನು ಅಲುಗಿಸದೆ ದಿನವೂ ಕುಡಿದವರಿಗೆ ಕಡೆಯ ಗುಟುಕಿನಲ್ಲಿ ಮೃತ್ಯು. ಕೊಲೆಗಾರನು ಆ ಹೊತ್ತಿಗೆ ಎಲ್ಲಿದ್ದರೇನು? ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ದುಡಿದಿದ್ದ ಲೇಖಕಿಗೆ ಇದು ಕೈಯಾರೆ ಕಲಿತ ವಿದ್ಯೆ. (ಕಥೆ ಹೇಳುವ ಹೇಸ್ಟಿಂಗ್ಸನ ಪ್ರಣಯಪ್ರಲಾಪವನ್ನು ಮಾತ್ರ ನಾವು ಹಾರಿಸಿಯೇ ಓದಿದೆವು.)

ಇನ್ನು ಮರಣಶಾಸನ. ಇಂಗ್ಲಿಷರ ಕಾನೂನಿನಂತೆ ವಿವಾಹವಾದೊಡನೆ ಹಳೆಯ ಉಯಿಲು ತಾನಾಗಿ ರದ್ದಾಗುತ್ತದೆ. ಹಿರಿಯ ಮಲಮಗನ ಹೆಸರಿಗಿದ್ದ ಉಯಿಲು ಹೀಗೆ ಬಿದ್ದುಹೋಗುತ್ತದೆ. ಅದನ್ನರಿತ ಎಮಿಲಿ ಹೊಸದನ್ನು ಬರೆಯುತ್ತಾಳೆ, ಅದೇ ಸಂಜೆ, ಕಡುಬೇಸಗೆಯಲ್ಲಿ ಬೆಂಕಿ ಹಾಕಿಸಿ ಸುಡುತ್ತಾಳೆ. ಕಥೆಯ ಗಂಟೆಲ್ಲ ಈ ಕಾಯಿದೆಯಲ್ಲಿದೆ.

ಇದೇ ಕಥೆ ಶಾಮನೂರಿನ ಹಿಂದೂ ಮನೆಯೊಂದರಲ್ಲಿ ನಡೆದಿದ್ದರೆ? 1956ಕ್ಕೆ ಮೊದಲು ಪತಿಯಿಂದ ದಾಯವಾಗಿ ಬಂದ ಆಸ್ತಿಯಲ್ಲಿ ವಿಧವೆಗೆ ಸಾಮಾನ್ಯವಾಗಿ ಬದುಕಿರುವ ತನಕದ ಹಕ್ಕಷ್ಟೆ. ಅದನ್ನು ಉಯಿಲು ಬರೆದು ಕೊಡುವಂತಿರಲಿಲ್ಲ. ಆ ವರ್ಷದ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಅವಳನ್ನು ಪೂರ್ಣ ಒಡತಿಯನ್ನಾಗಿಸಿತು. ಅವಳ ಸಹಿಗೆ ಬೆಲೆ ಬಂದದ್ದು ಆಗ. ಆ ಸಹಿಗಾಗಿ ಹೊಂಚುವವರು ಹುಟ್ಟುವುದೂ ಸಹಜವೇ. ಆದರೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ. ನಮ್ಮ ಎಮಿಲಿ ಮರುಮದುವೆಯಾದರೂ ಮಲಮಗನ ಹೆಸರಿನ ಹಳೆಯ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಹೊಸ ಗಂಡನು ಕಾಸರಕದ ಬೀಜವನ್ನು ಹುಡುಕುವ ಮೊದಲು ಅವಳಿಂದ ಹೊಸ ಉಯಿಲನ್ನು ಬರೆಯಿಸಬೇಕು, ಇಬ್ಬರು ಸಾಕ್ಷಿಗಳ ಎದುರಿಗೆ. ಪತ್ತೇದಾರ ಪಾಯ್ರೋ ಇಲ್ಲಿಗೆ ಬಂದರೆ ಮೊದಲು ಆ ಸಾಕ್ಷಿಗಳ ಮನೆಯ ಬಾಗಿಲು ತಟ್ಟಬೇಕಾದೀತು.